ಪಲ್ಲಾವರದ ಕಲ್ಲಿನಿಂದ ಇಸಾಂಪುರದವರೆಗೆ: ರಾಬರ್ಟ್ ಬ್ರೂಸ್ ಫೂಟ್ ಅವರ ಜೀವನ ಪರಿಚಯ



ನಮ್ಮ ವ್ಯಕ್ತಿ ಪರಿಚಯ ಮಾಲಿಕೆಯಲ್ಲಿ ಇಲ್ಲಿಯವರೆಗೆ ಶರಣರು, ಸಾಹಿತಿಗಳು, ಏಕೀಕರಣಕ್ಕೆ ದುಡಿದವರು, ಗಡಿಭಾಗದಲ್ಲಿ ಕನ್ನಡ ಶಾಲೆ ಕಟ್ಟಿದವರು ಬಂದು ಹೋಗಿದ್ದಾರೆ. ಈ ಸಲ ಒಬ್ಬ ಆಂಗ್ಲ ಮಹನೀಯರನ್ನು ಆರಿಸಿಕೊಂಡಿದ್ದೇನೆ. ಅವರು ಕನ್ನಡಿಗರಲ್ಲ, ಕನ್ನಡದಲ್ಲಿ ಒಂದಕ್ಷರ ಬರೆದವರೂ ಅಲ್ಲ. ಆದರೆ ಕನ್ನಡ ನಾಡಿನ ನೆಲದ ಅತಿ ಹಳೆಯ ಲೆಕ್ಕವನ್ನು ಬರೆದಿಡಲು ಶುರು ಮಾಡಿದವರಲ್ಲಿ ಅವರು ಮುಖ್ಯರು.

ಇದಕ್ಕೆ ಕಾರಣವಾದದ್ದು ಒಂದು ಕಲ್ಲು. ಕಳೆದ ಬೇಸಿಗೆಯಲ್ಲಿ ಕರಜಗಿ ಕಡೆಯ ನಮ್ಮ ಸದಸ್ಯರೊಬ್ಬರು ಸಭೆಗೆ ಬರುವಾಗ ಅಂಗಿಯ ಜೇಬಿನಲ್ಲಿ ಒಂದು ಕಲ್ಲು ತಂದಿದ್ದರು. ಹೊಲದಲ್ಲಿ ಕೃಷಿ ಹೊಂಡ ತೋಡಿಸುವಾಗ ಸಿಕ್ಕದ್ದಂತೆ. ಹೆಬ್ಬೆರಳಿನಷ್ಟು ಉದ್ದ, ನುಣುಪಾದ ಚಕಮಕಿ ಜಾತಿಯ ಕಲ್ಲು. ಅದರ ಮೈಮೇಲೆ ಉದ್ದುದ್ದ ಸೀಳಿ ತೆಗೆದ ಗುರುತುಗಳು ಒಂದರ ಪಕ್ಕ ಒಂದು ಸಾಲಾಗಿದ್ದವು. ಇದನ್ನು ಮನುಷ್ಯ ಮಾಡಿದ್ದೋ ತಾನಾಗಿಯೇ ಒಡೆದದ್ದೋ, ಮನುಷ್ಯ ಮಾಡಿದ್ದಾದರೆ ಎಷ್ಟು ಹಳೆಯದು ಎಂದು ಅವರು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತ ಓದಿದಾಗ ಪದೇ ಪದೇ ಎದುರಾದ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಬಾಲ್ಯ ಮತ್ತು ನೌಕರಿ

ಫೂಟ್ ಅವರು ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. 1858ರಲ್ಲಿ, ಅಂದರೆ 24ನೇ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. ಆಗ ಆ ಇಲಾಖೆಯ ಮುಖ್ಯಸ್ಥರು ಥಾಮಸ್ ಓಲ್ಡ್‌ಹ್ಯಾಮ್. ಫೂಟ್ ಅವರನ್ನು ಮದ್ರಾಸ್ ಪ್ರಾಂತಕ್ಕೆ ಕಳಿಸಲಾಯಿತು. ನೆಲದ ಪದರಗಳನ್ನು ಗುರುತಿಸುವುದು, ಕಲ್ಲಿನ ಜಾತಿ ಬರೆದುಕೊಳ್ಳುವುದು, ಕಬ್ಬಿಣ, ಚಿನ್ನ, ಕಲ್ಲಿದ್ದಲು ಎಲ್ಲಿ ಸಿಗಬಹುದೆಂದು ವರದಿ ಮಾಡುವುದು ಅವರ ಕೆಲಸ. ಡೇರೆ ಹಾಕಿಕೊಂಡು ಜಿಲ್ಲೆಯಿಂದ ಜಿಲ್ಲೆಗೆ ತಿರುಗುವ ನೌಕರಿ. ಕಚೇರಿಗಿಂತ ಹಳ್ಳ ಕೊಳ್ಳಗಳಲ್ಲೇ ಹೆಚ್ಚು ಕಾಲ ಕಳೆಯಬೇಕಾಗಿತ್ತು.

ಅವರ ಮಾವನವರು ಪೀಟರ್ ಪರ್ಸಿವಲ್ ಎಂಬ ಪಾದ್ರಿ, ತಮಿಳು ವಿದ್ವಾಂಸರು. ಆ ಸಂಬಂಧದಿಂದ ಸೇಲಂ ಬಳಿಯ ಏರ್ಕಾಡು ಗುಡ್ಡ ಫೂಟ್ ಅವರಿಗೆ ಎರಡನೆಯ ತವರಾಯಿತು.

ಅವರು ನೌಕರಿಗೆ ಸೇರಿದ ಮರುವರ್ಷವೇ ಯುರೋಪಿನಲ್ಲಿ ಒಂದು ದೊಡ್ಡ ಚರ್ಚೆ ಇತ್ಯರ್ಥವಾಯಿತು. ಫ್ರಾನ್ಸಿನ ಸೋಮ್ ನದಿಯ ದಂಡೆಯಲ್ಲಿ, ಗರಸಿನ ಪದರದ ಆಳದಲ್ಲಿ, ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆಗೆ ಕಲ್ಲಿನ ಕೈಕೊಡಲಿಗಳು ಸಿಗುತ್ತಿವೆ ಎಂದು ಬೂಶೆ ದ ಪೆರ್ಥ್ ಎಂಬವರು ವರ್ಷಗಟ್ಟಲೆ ಹೇಳುತ್ತ ಬಂದಿದ್ದರು. ಯಾರೂ ನಂಬಿರಲಿಲ್ಲ. 1859ರಲ್ಲಿ ಇಂಗ್ಲೆಂಡಿನ ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಸ್ಥಳಕ್ಕೆ ಹೋಗಿ ನೋಡಿ, ಇದು ನಿಜ ಎಂದು ಒಪ್ಪಿಕೊಂಡರು. ಮನುಷ್ಯನ ವಯಸ್ಸು ಕೆಲವೇ ಸಾವಿರ ವರ್ಷ ಎಂಬ ನಂಬಿಕೆ ಅಲ್ಲಿಗೆ ಅಲುಗಾಡಿತು. ಈ ಸುದ್ದಿಯನ್ನು ಫೂಟ್ ಅವರು ಓದಿಕೊಂಡಿದ್ದರು. ಹಾಗಾಗಿ ಅಂಥ ಕಲ್ಲು ಕಣ್ಣಿಗೆ ಬಿದ್ದಾಗ ಗುರುತಿಸಲು ಅವರು ಸಿದ್ಧರಾಗಿದ್ದರು.

1863ರ ಮೇ 30

ಮದ್ರಾಸಿನ ಹತ್ತಿರ ಪಲ್ಲಾವರ ಎಂಬಲ್ಲಿ ಸೈನ್ಯದ ಕವಾಯತು ಮೈದಾನವಿತ್ತು. ಅಲ್ಲಿ ಜಂಬಿಟ್ಟಿಗೆ ಗರಸು ತೆಗೆದ ಒಂದು ಗುಂಡಿಯಲ್ಲಿ, 1863ರ ಮೇ 30ರಂದು, 28 ವರ್ಷದ ಫೂಟ್ ಅವರಿಗೆ ಕೆತ್ತಿದ ಒಂದು ಕಲ್ಲು ಸಿಕ್ಕಿತು. ಭಾರತದಲ್ಲಿ ಹಳೆಯ ಶಿಲಾಯುಗದ ಉಪಕರಣವೆಂದು ಗುರುತಿಸಿ ದಾಖಲಿಸಿದ ಮೊದಲ ಕಲ್ಲುಗಳಲ್ಲಿ ಅದು ಪ್ರಸಿದ್ಧ. ಅದೇ ವರ್ಷ ಸೆಪ್ಟೆಂಬರ್ 28ರಂದು ತಮ್ಮ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆಗೆ ಮದ್ರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂ ಎಂಬ ಹಳ್ಳಿಯ ಹಳ್ಳದಲ್ಲಿ ಇನ್ನೂ ಹೆಚ್ಚು ಉಪಕರಣಗಳನ್ನು ಕಂಡರು. ಈ ಹಳ್ಳಿಯ ಹೆಸರನ್ನು ನೆನಪಿಡಬೇಕು, ಮುಂದೆ ಮತ್ತೆ ಬರುತ್ತದೆ.

ನಮ್ಮ ಕಡೆ ಇದಕ್ಕೂ ಮೊದಲು ಕಲ್ಲಿನ ವಸ್ತುಗಳು ಸಿಕ್ಕಿರಲಿಲ್ಲವೆಂದಲ್ಲ. 1842ರಲ್ಲೇ ಲಿಂಗಸುಗೂರಿನಲ್ಲಿ ಡಾಕ್ಟರ್ ಪ್ರಿಮ್‌ರೋಸ್ ಎಂಬವರಿಗೆ ಕಲ್ಲಿನ ಚೂರಿ, ಬಾಣದ ಮೊನೆಗಳು ಸಿಕ್ಕಿದ್ದವು. ಸುರಪುರದಲ್ಲಿ ಅಧಿಕಾರಿಯಾಗಿದ್ದ, ನಂತರ ನಮ್ಮ ಸೊಲ್ಲಾಪುರದ ಪಕ್ಕದ ನಳದುರ್ಗದಲ್ಲೂ ಆಡಳಿತ ನಡೆಸಿದ ಮೆಡೋಸ್ ಟೇಲರ್ ಅವರು ಸುರಪುರ ಸೀಮೆಯ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ವರದಿ ಬರೆದಿದ್ದರು. ಆದರೆ ಅವೆಲ್ಲ ಬಹಳ ಈಚಿನ ಕಾಲದವು. ನೆಲದ ಪದರ ನೋಡಿ, ಈ ಕಲ್ಲು ಈ ಪದರಕ್ಕೆ ಸೇರಿದ್ದು, ಆದ್ದರಿಂದ ಇದರ ಕಾಲ ಇಂತಿಂಥದ್ದಕ್ಕಿಂತ ಹಿಂದಿನದು ಎಂದು ತರ್ಕ ಮಾಡುವ ಕ್ರಮವನ್ನು ಇಲ್ಲಿ ತಂದವರು ಫೂಟ್. ಅವರು ಮೂಲತಃ ಭೂವಿಜ್ಞಾನಿಯಾಗಿದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು.

ಅವರು ಹೇಳಿದ್ದೆಲ್ಲ ಸರಿಯಾಗಿತ್ತೆಂದೂ ಅಲ್ಲ. ಮದ್ರಾಸಿನ ಜಂಬಿಟ್ಟಿಗೆ ಪದರ ಸಮುದ್ರದ ನೀರಿನಲ್ಲಿ ಕೂತದ್ದು, ಆಗ ಮನುಷ್ಯರು ನೀರಿನ ಅಂಚಿನಲ್ಲಿ ವಾಸವಾಗಿದ್ದರು ಎಂದು ಮೊದಲು ಭಾವಿಸಿದ್ದರು. ಮುಂದೆ ಅದು ಸಮುದ್ರದ ಕೆಲಸವಲ್ಲ, ನದಿ ಮತ್ತು ಮಳೆನೀರಿನ ಕೆಲಸ ಎಂಬುದು ಗೊತ್ತಾಯಿತು. ತಪ್ಪಿದ್ದರೂ ಅವರು ಎತ್ತಿದ ಪ್ರಶ್ನೆ ಸರಿಯಾಗಿತ್ತು. ಕಲ್ಲು ಮಾಡಿದವನು ಯಾರು ಎಂಬುದರ ಜೊತೆಗೆ, ಅವನು ನಿಂತ ನೆಲ ಆಗ ಹೇಗಿತ್ತು, ನೀರು ಎಲ್ಲಿತ್ತು, ಸುತ್ತ ಯಾವ ಪ್ರಾಣಿಗಳಿದ್ದವು ಎಂದೂ ಅವರು ಕೇಳಿದರು.

ಕನ್ನಡ ನಾಡಿನ ತಿರುಗಾಟ

ಫೂಟ್ ಅವರ ನೌಕರಿಯ ಬಹುಭಾಗ ಕನ್ನಡ ಸೀಮೆಯಲ್ಲಿ ಕಳೆಯಿತು. ಬೆಳಗಾವಿ, ಕಲಾದಗಿ ಮತ್ತು ಸುತ್ತಲಿನ ಪ್ರದೇಶವನ್ನು ಆಗ ಸರ್ಕಾರಿ ಕಾಗದಪತ್ರಗಳಲ್ಲಿ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಆ ಸೀಮೆಯ ಭೂರಚನೆಯ ಬಗ್ಗೆ ಅವರು ಬರೆದ ಗ್ರಂಥ 1876ರಲ್ಲಿ ಪ್ರಕಟವಾಯಿತು. ಧಾರವಾಡದ ಹೆಸರಿನಿಂದ ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಪ್ರಸಿದ್ಧವಾಗಿರುವ ಶಿಲಾಸಮೂಹವನ್ನು 1880ರ ದಶಕದಲ್ಲಿ ಬೇರೆಯಾಗಿ ಗುರುತಿಸಿ ಆ ಹೆಸರಿಟ್ಟವರೂ ಅವರೇ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥ 1895ರಲ್ಲಿ ಹೊರಬಂತು.

ಗೋಕಾಕದ ಸಮೀಪ, ಘಟಪ್ರಭೆಯ ಸೀಮೆಯಲ್ಲಿ, ಹಳ್ಳದ ದಂಡೆಯ ಹಳೆಯ ಮಣ್ಣಿನ ಪದರದಲ್ಲಿ ಅವರಿಗೆ ಒಂದು ದೊಡ್ಡ ಪ್ರಾಣಿಯ ಪಳೆಯುಳಿಕೆ ದೊರಕಿತು. ಪರೀಕ್ಷಿಸಿದಾಗ ಅದು ಘೇಂಡಾಮೃಗ. 1874ರಲ್ಲಿ ಅದರ ವಿವರ ಪ್ರಕಟಿಸಿ, ದಖ್ಖನ್ನಿನ ಹೆಸರು ಸೇರಿಸಿ ರೈನೋಸೆರಾಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಇಂದು ಘೇಂಡಾಮೃಗ ನೋಡಬೇಕಾದರೆ ನಾವು ಅಸ್ಸಾಮಿಗೆ ಹೋಗಬೇಕು. ಅದಕ್ಕೆ ಎತ್ತರದ ಹುಲ್ಲು, ಹೊರಳಾಡಲು ಕೆಸರು, ವರ್ಷವಿಡೀ ನೀರು ಬೇಕು. ಗೋಕಾಕದ ಸೀಮೆಯಲ್ಲಿ ಅದು ಬದುಕಿತ್ತೆಂದರೆ ಆಗಿನ ನೆಲ ಇಂದಿನ ಬರಗಾಲದ ನೆಲವಾಗಿರಲಿಲ್ಲ. ಮಣ್ಣಿನಲ್ಲಿ ಸಿಕ್ಕ ಒಂದು ಹಲ್ಲು, ಒಂದು ಮೂಳೆ ಆ ಕಾಲದ ಮಳೆಯ ಲೆಕ್ಕ ಹೇಳುತ್ತದೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ರೈತರು ಆಕಾಶ ನೋಡಿ ಕೂರುವವರು. ಇದನ್ನು ಓದಿದಾಗ ಅವರಿಗೆ ಏನನ್ನಿಸಬಹುದೆಂದು ನಾನು ಯೋಚಿಸಿದೆ.

ಹಳೆಯ ಶಿಲಾಯುಗದ ಉಪಕರಣಗಳು ಕ್ವಾರ್ಟ್‌ಜೈಟ್ ಎಂಬ ಗಟ್ಟಿ ಕಲ್ಲು ಸಿಗುವ ಕಡೆಯೇ ಹೆಚ್ಚು ದೊರೆಯುತ್ತವೆ ಎಂಬುದನ್ನೂ ಅವರು ಗಮನಿಸಿದರು. ಮಲಪ್ರಭೆಯ ಕಣಿವೆಯಲ್ಲಿ ಆ ಕಲ್ಲು ಧಾರಾಳ. ಅಲ್ಲಿ ಉಪಕರಣಗಳೂ ಧಾರಾಳ. ನಮ್ಮ ಕಡೆ ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾರಸ ಹರಿದು ಆರಿ ಆದ ಕರಿಗಲ್ಲು. ಅದು ಕಾಲಕ್ರಮದಲ್ಲಿ ಸವೆದು ಎರೆಮಣ್ಣಾಗುತ್ತದೆ. ಆದರೆ ಆ ಕರಿಗಲ್ಲಿನ ಪೊಟರೆಗಳಲ್ಲಿ ಚಕಮಕಿ, ಅಕೀಕು ಜಾತಿಯ ನುಣುಪು ಕಲ್ಲುಗಳು ಬೆಳೆದಿರುತ್ತವೆ. ಬಹಳ ಈಚಿನ ಕಾಲದ ಜನ ಅವುಗಳಿಂದಲೇ ಸಣ್ಣ ಸಣ್ಣ ಅಲಗುಗಳನ್ನು ಸೀಳಿ ತೆಗೆಯುತ್ತಿದ್ದರು. ಕರಜಗಿಯ ಸದಸ್ಯರು ತಂದ ಕಲ್ಲು ಅಂಥ ಅಲಗು ತೆಗೆದು ಉಳಿದ ದಿಂಡಿನ ಹಾಗೆ ಕಾಣುತ್ತಿತ್ತು.

ಬಳ್ಳಾರಿಯ ಕೊಡಲಿ ಕಾರ್ಖಾನೆ, ಬೂದಿದಿಬ್ಬಗಳು

ಬಳ್ಳಾರಿಯ ಹೊರವಲಯದಲ್ಲಿ ಸಂಗನಕಲ್ಲು, ಕುಪ್ಪಗಲ್ಲು ಎಂಬ ಹಳ್ಳಿಗಳಿವೆ. ಅವುಗಳ ನಡುವಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನರ ದೊಡ್ಡ ಕೊಡಲಿ ತಯಾರಿಕಾ ಸ್ಥಳವಿದ್ದುದನ್ನು ಫೂಟ್ ವಿವರವಾಗಿ ದಾಖಲಿಸಿದರು. ಬೆಟ್ಟದ ಗ್ರಾನೈಟ್ ಬಂಡೆಗಳ ನಡುವೆ ಡೋಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟಿ ಹಾದುಹೋಗಿದೆ. ಕೊಡಲಿಗೆ ಅದೇ ಕಚ್ಚಾಮಾಲು. ಮೊದಲು ಚಕ್ಕೆ ಎಬ್ಬಿಸಿ ಆಕಾರಕ್ಕೆ ತರುವುದು, ಆಮೇಲೆ ಕುಟ್ಟಿ ಉಬ್ಬುತಗ್ಗು ತೆಗೆಯುವುದು, ಕೊನೆಗೆ ನೀರು ಹಾಕಿ ಬಂಡೆಗೆ ಉಜ್ಜಿ ಅಲಗು ನುಣುಪು ಮಾಡುವುದು. ಉಜ್ಜಿ ಉಜ್ಜಿ ಬಿದ್ದ ಉದ್ದನೆಯ ಕುಳಿಗಳು ಬಂಡೆಗಳ ಮೇಲೆ ಉಳಿದಿವೆ. ಅರ್ಧಕ್ಕೇ ಮುರಿದ ಕೊಡಲಿಗಳು, ಬೇಡವೆಂದು ಎಸೆದವು, ಚಕ್ಕೆಗಳ ರಾಶಿ ಎಲ್ಲವೂ ಸಿಕ್ಕವು. ಕುಪ್ಪಗಲ್ಲಿನ ಬೆಟ್ಟದಲ್ಲಿ ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನುಡಿಯುವ ಬಂಡೆಗಳೂ ಇವೆ.

ಬಳ್ಳಾರಿ, ರಾಯಚೂರು, ಸುರಪುರ ಸೀಮೆಗಳಲ್ಲಿ ಅಲ್ಲಲ್ಲಿ ದೊಡ್ಡ ಬೂದಿದಿಬ್ಬಗಳಿರುವುದು ಅನೇಕರಿಗೆ ಗೊತ್ತು. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ಜನ ಹೇಳುತ್ತಾರೆ. ಕುಡತಿನಿಯದು ಇನ್ನೂ ದೊಡ್ಡದು. ಇವು ಜ್ವಾಲಾಮುಖಿಯ ಬೂದಿಯೋ, ಕಬ್ಬಿಣ ಕರಗಿಸಿದ ಕಿಟ್ಟವೋ, ಸಾಮೂಹಿಕ ದಹನದ ಬೂದಿಯೋ ಎಂದು ಆಗಿನ ವಿದ್ವಾಂಸರು ತರಹೇವಾರಿ ಊಹೆ ಮಾಡಿದ್ದರು. ಇದು ದನದ ಸಗಣಿ ಸುಟ್ಟ ಬೂದಿ, ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಿದ್ದ ಜಾಗ ಎಂಬ ವಿವರಣೆಯನ್ನು ಫೂಟ್ ಅವರು ಮುಂದಿಟ್ಟರು. ದಶಕಗಳ ನಂತರ ರೇಮಂಡ್ ಆಲ್ಚಿನ್ ಅವರು ಉಟ್ನೂರಿನ ದಿಬ್ಬವನ್ನು ಅಗೆದಾಗ ದೊಡ್ಡಿಯ ಕಂಬ ನೆಟ್ಟ ಕುಳಿಗಳು, ದನಗಳ ಗೊರಸಿನ ಗುರುತುಗಳು ಕಂಡವು. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲೂ 1990ರ ದಶಕದ ಉತ್ಖನನ ಅದನ್ನೇ ಗಟ್ಟಿ ಮಾಡಿತು. ಊರಿನ ಹೆಸರಿನಲ್ಲೇ ಬೂದಿ ಇದೆ, ನೋಡಿ. ಜನ ಕಾರಣ ಮರೆತರೂ ಹೆಸರನ್ನು ಬಿಟ್ಟಿರಲಿಲ್ಲ.

ಸಂಗನಕಲ್ಲಿನಲ್ಲಿ ಮುಂದೆ ಬಿ. ಸುಬ್ಬರಾವ್, ಎಂ.ಎಸ್. ನಾಗರಾಜರಾವ್ ಮೊದಲಾದವರು ಅಗೆತ ನಡೆಸಿದರು. ಈಚೆಗೆ ರವಿ ಕೋರಿಶೆಟ್ಟರ್ ಮತ್ತು ಅವರ ವಿದೇಶಿ ಸಹೋದ್ಯೋಗಿಗಳು ಸುಟ್ಟು ಕರಿಯಾದ ಕಾಳುಗಳನ್ನು ಮಣ್ಣಿನಿಂದ ತೊಳೆದು ತೆಗೆದರು. ಹುರುಳಿ, ಹೆಸರು, ಕೊರಲೆ ಸಿಕ್ಕವು. ಆ ಕಾಳುಗಳ ಇಂಗಾಲದ ಪರೀಕ್ಷೆಯಿಂದ ಕೊಡಲಿ ಕೆಲಸದ ಭರಾಟೆಯ ಕಾಲ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಉತ್ತರಾರ್ಧ ಎಂದು ತಿಳಿಯಿತು. ಅಂದರೆ ಇಂದಿಗೆ ಸುಮಾರು 3,300 ವರ್ಷಗಳ ಆಚೆ ಈಚೆ. ನಮ್ಮ ಮನೆಯ ಹುರುಳಿ ಸಾರಿಗೆ ಅಷ್ಟು ವಯಸ್ಸು.

ಗಡಿಯಾರವಿಲ್ಲದ ಲೆಕ್ಕ

ಫೂಟ್ ಅವರ ಕಾಲದಲ್ಲಿ ಇಂಗಾಲದ ಪರೀಕ್ಷೆ ಇರಲಿಲ್ಲ. ಯಾವ ಕಲ್ಲಿಗೂ ಇಷ್ಟೇ ವರ್ಷ ಎಂದು ಹೇಳುವ ಸಾಧನ ಅವರಲ್ಲಿರಲಿಲ್ಲ. ಅವರು ಮಾಡಿದ್ದು ಪದರದ ಲೆಕ್ಕ. ಕೆಳಗಿನದು ಹಳೆಯದು, ಮೇಲಿನದು ಹೊಸದು.

1891ರಲ್ಲಿ ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಬರೋಡಾ ಸಂಸ್ಥಾನಕ್ಕೆ ಕೆಲಸ ಮಾಡಿದರು. ಆಮೇಲೆ ಮೈಸೂರು ಸಂಸ್ಥಾನಕ್ಕೂ ಸೇವೆ ಸಲ್ಲಿಸಿದರು. ಗುಜರಾತಿನ ಸಾಬರಮತಿ ದಂಡೆಯಲ್ಲಿ ಅವರಿಗೆ ಒಂದು ಸ್ಪಷ್ಟ ಸಾಕ್ಷಿ ಸಿಕ್ಕಿತು. ನದಿಯ ತಳದ ಗರಸಿನ ಪದರದಲ್ಲಿ ಹಳೆಯ ಶಿಲಾಯುಗದ ಉಪಕರಣ. ಅದರ ಮೇಲೆ ಸುಮಾರು 200 ಅಡಿ ದಪ್ಪದ ಮೆಕ್ಕಲು ಮತ್ತು ಧೂಳುಮಣ್ಣು. ಅದರ ತುದಿಯಲ್ಲಿ ಈಚಿನ ಜನರ ನೆಲೆಯ ಕುರುಹು. 200 ಅಡಿ ಮಣ್ಣು ಕೂಡಲು ಎಷ್ಟು ಕಾಲ ಬೇಕು? ಅಂಕಿ ಹೇಳಲಾಗದಿದ್ದರೂ ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಬಹು ದೀರ್ಘ ಕಾಲ ಸರಿದಿದೆ ಎಂದು ಅವರು ತೀರ್ಮಾನಿಸಿದರು. ಆ ನಡುವಿನ ಕಾಲವನ್ನು ಅವರು ಖಾಲಿ ಎಂದುಕೊಂಡಿದ್ದರು. ಸಣ್ಣ ಅಲಗುಗಳ ಕಾಲ ಮೊದಲಾದವು ಅದರೊಳಗೆ ಬರುತ್ತವೆಂಬುದು ಆಮೇಲೆ ತಿಳಿಯಿತು. ದೀರ್ಘ ಕಾಲ ಎಂಬುದು ಮಾತ್ರ ಅವರು ಎಣಿಸಿದ್ದಕ್ಕಿಂತ ದೀರ್ಘವಾಗಿ ಹೊರಟಿತು.

ಅತ್ತಿರಂಪಾಕ್ಕಂ ಮತ್ತು ಇಸಾಂಪುರ

ಫೂಟ್ ಅವರು 1863ರಲ್ಲಿ ಕಂಡ ಅತ್ತಿರಂಪಾಕ್ಕಂ ಹಳ್ಳದಲ್ಲಿ 1999ರಿಂದ ಶಾಂತಿ ಪಪ್ಪು ಮತ್ತು ಕುಮಾರ್ ಅಖಿಲೇಶ್ ಅವರು ಉತ್ಖನನ ನಡೆಸಿದರು. ಕಾಲ ತಿಳಿಯಲು ಅವರ ತಂಡ ಬಳಸಿದ ವಿಧಾನ ಹೀಗಿದೆ. ನೆಲದ ಮೇಲೆ ಬಿದ್ದಿರುವ ಬೆಣಚು ಕಲ್ಲಿನ ಮೇಲೆ ಆಕಾಶದಿಂದ ಕಣಗಳ ಮಳೆ ಸದಾ ಸುರಿಯುತ್ತಿರುತ್ತದೆ. ಅದರಿಂದ ಕಲ್ಲಿನೊಳಗೆ ಎರಡು ಬಗೆಯ ಪರಮಾಣುಗಳು ಗೊತ್ತಾದ ಪ್ರಮಾಣದಲ್ಲಿ ಹುಟ್ಟುತ್ತವೆ. ಒಂದು ಅಲ್ಯೂಮಿನಿಯಂ 26, ಇನ್ನೊಂದು ಬೆರಿಲಿಯಂ 10. ಕಲ್ಲು ಮಣ್ಣಿನಡಿ ಆಳವಾಗಿ ಹೂತುಹೋದರೆ ಹೊಸದಾಗಿ ಹುಟ್ಟುವುದು ನಿಲ್ಲುತ್ತದೆ, ಇದ್ದದ್ದು ಕರಗತೊಡಗುತ್ತದೆ. ಅಲ್ಯೂಮಿನಿಯಂ ಸುಮಾರು 7 ಲಕ್ಷ ವರ್ಷಕ್ಕೆ ಅರ್ಧವಾಗುತ್ತದೆ, ಬೆರಿಲಿಯಂ ಸುಮಾರು 14 ಲಕ್ಷ ವರ್ಷಕ್ಕೆ. ಎರಡರ ಬಾಕಿ ನೋಡಿದರೆ ಹೂತು ಎಷ್ಟು ಕಾಲವಾಯಿತು ಎಂಬ ಲೆಕ್ಕ ಸಿಗುತ್ತದೆ. ಬ್ಯಾಂಕಿನಲ್ಲಿ ಜಮಾ ನಿಂತ ಮೇಲೆ ಎರಡು ಖಾತೆಗಳಿಂದ ಬೇರೆ ಬೇರೆ ದರದಲ್ಲಿ ಹಣ ಕಡಿತವಾಗುತ್ತಿದ್ದರೆ, ಉಳಿದ ಬಾಕಿಯಿಂದ ಜಮಾ ನಿಂತ ದಿನ ಕಂಡುಹಿಡಿದ ಹಾಗೆ.

ಇದಕ್ಕೆ ಎರಡನೆಯ ಸಾಕ್ಷಿಯೂ ಇತ್ತು. ಭೂಮಿಯ ಕಾಂತದ ಉತ್ತರ ದಕ್ಷಿಣಗಳು ಹಿಂದೆ ತಿರುವುಮುರುವಾಗಿದ್ದವು, ಸುಮಾರು 7.8 ಲಕ್ಷ ವರ್ಷದ ಹಿಂದೆ ಇಂದಿನ ಸ್ಥಿತಿಗೆ ಬಂದವು. ಅತ್ತಿರಂಪಾಕ್ಕಂನ ಆಳದ ಜೇಡಿಮಣ್ಣಿನಲ್ಲಿ ಆ ಹಳೆಯ ತಿರುವಿನ ಗುರುತು ಇದೆ. ಎರಡನ್ನೂ ಸೇರಿಸಿ 2011ರಲ್ಲಿ ಪ್ರಕಟವಾದ ಫಲಿತಾಂಶ: ಅಲ್ಲಿನ ಕೈಕೊಡಲಿಗಳ ವಯಸ್ಸು ಕನಿಷ್ಠ 10 ಲಕ್ಷ ವರ್ಷ, ಸರಾಸರಿ ಸುಮಾರು 15 ಲಕ್ಷ ವರ್ಷ. ಆ ಜೇಡಿಮಣ್ಣು ನದಿಯ ನೆರೆನೀರು ಬಿಟ್ಟುಹೋದದ್ದು. ಸಿಕ್ಕ ಕೆಲವು ಹಲ್ಲುಗಳು ಕುದುರೆ, ದನ ಅಥವಾ ಎಮ್ಮೆ ಜಾತಿಯ ಪ್ರಾಣಿಗಳವು. ಸುತ್ತ ಬಯಲು ಹುಲ್ಲುಗಾವಲು ಇದ್ದಿರಬೇಕೆಂದು ಅವು ಸೂಚಿಸುತ್ತವೆ.

ಇನ್ನು ನಮಗೆ ಹತ್ತಿರದ ಜಾಗ. ಅಕ್ಕಲಕೋಟೆಯಿಂದ ಅಫಜಲಪುರ, ಜೇವರ್ಗಿ, ಶಹಾಪುರ ದಾಟಿ ಸುರಪುರದ ಕಡೆ ಹೋದರೆ ಹುಣಸಗಿ, ಬೈಚಬಾಳ ಕಣಿವೆ ಸಿಗುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ದಶಕಗಟ್ಟಲೆ ಕಾಲ್ನಡಿಗೆಯಲ್ಲಿ ತಿರುಗಿ ಹಳೆಯ ಶಿಲಾಯುಗದ ಸುಮಾರು 200 ನೆಲೆಗಳನ್ನು ಗುರುತಿಸಿದರು. ಕಣಿವೆಯ ಸುತ್ತ ಗುಡ್ಡ, ನಡುವೆ ಹಳ್ಳ, ಬೇಸಿಗೆಯಲ್ಲೂ ಬತ್ತದ ಒರತೆಗಳು. ಮಳೆಗಾಲದಲ್ಲಿ ಎಲ್ಲೆಡೆ ನೀರಿದ್ದಾಗ ಜನ ಕಣಿವೆಯ ತುಂಬ ಚದುರುತ್ತಿದ್ದರು, ಬೇಸಿಗೆಯಲ್ಲಿ ಒರತೆಗಳ ಸುತ್ತ ಸೇರುತ್ತಿದ್ದರು ಎಂಬುದು ಅವರ ವಿವರಣೆ. ಬೇಸಿಗೆಯಲ್ಲಿ ನೀರಿದ್ದ ಕಡೆ ಕುರಿ ಹೊಡೆದುಕೊಂಡು ಹೋಗುವವರನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಣಿವೆಯ ಇಸಾಂಪುರದಲ್ಲಿ ನೀರಾವರಿ ಕಾಮಗಾರಿಗೆಂದು ಮೇಲಿನ ಎರೆಮಣ್ಣು ತೆಗೆದಾಗ ಅಡಿಯಲ್ಲಿ ಸುಣ್ಣದಕಲ್ಲಿನ ಹಾಸು ಕಂಡಿತು. ಅದರ ಮೇಲೆ ಉಪಕರಣ ತಯಾರಿಸಿದ ಜಾಗ ಇದ್ದ ಹಾಗೇ ಉಳಿದಿತ್ತು. 1990ರ ದಶಕದ ಕೊನೆಯಲ್ಲಿ ಅಗೆತ ನಡೆಯಿತು. ಹತ್ತಿರವೇ ಹಳೆಯ ಹಳ್ಳದ ಪಾತ್ರ. ಜನ ಚಪ್ಪಡಿಗಳನ್ನು ಎಬ್ಬಿಸಿ, ಬೇರೆ ಜಾತಿಯ ಗಟ್ಟಿ ಕಲ್ಲುಗಳನ್ನು ಸುತ್ತಿಗೆಯಾಗಿ ಬಳಸಿ, ಅಂಚು ಒಡೆದು ಕೈಕೊಡಲಿ, ಸೀಳುಗೊಡಲಿ, ಕತ್ತಿಯಂಥ ಉಪಕರಣ ಮಾಡಿದ್ದರು. ಸುತ್ತಿಗೆ ಕಲ್ಲು, ಎಬ್ಬಿಸಿದ ಚಪ್ಪಡಿ, ಉದುರಿದ ಚಕ್ಕೆ, ಮುಗಿದ ಉಪಕರಣ ಎಲ್ಲವೂ ಕೆಲಸ ನಡೆದ ಜಾಗದಲ್ಲೇ ಬಿದ್ದಿದ್ದವು.

ಇದರ ಕಾಲ ತಿಳಿಸಿದ್ದು ದನದ ಜಾತಿಯ ಪ್ರಾಣಿಯ ಹಲ್ಲುಗಳು. ಹಲ್ಲಿನ ಹೊರಪದರ ಮಣ್ಣಿನಲ್ಲಿ ಹೂತಾಗ ಸುತ್ತಲಿನ ಯುರೇನಿಯಂ ಮೊದಲಾದವುಗಳ ವಿಕಿರಣ ಅದಕ್ಕೆ ತಾಗುತ್ತದೆ, ಎಲೆಕ್ಟ್ರಾನುಗಳು ಒಳಗೆ ಸಿಕ್ಕಿಕೊಳ್ಳುತ್ತ ಹೋಗುತ್ತವೆ. ಹೆಚ್ಚು ಕಾಲವಾದಷ್ಟೂ ಹೆಚ್ಚು ಸೇರುತ್ತವೆ. ಅದನ್ನು ಅಳೆದಾಗ ಬಂದ ಅಂಕಿ 12.7 ಲಕ್ಷ ವರ್ಷ, 1.7 ಲಕ್ಷ ಹೆಚ್ಚು ಅಥವಾ ಕಡಿಮೆ. ಯುರೇನಿಯಂ ಹಲ್ಲಿನೊಳಗೆ ಯಾವ ವೇಗದಲ್ಲಿ ಸೇರಿತೆಂದು ಹಿಡಿಯುತ್ತೇವೋ ಅದರ ಮೇಲೆ ಅಂಕಿ ಬದಲಾಗುತ್ತದೆ. ಆದ್ದರಿಂದ ವಿದ್ವಾಂಸರು ಇದನ್ನು ಎಚ್ಚರಿಕೆಯಿಂದಲೇ ಹೇಳುತ್ತಾರೆ. ಅಂದಾಜು 12 ಲಕ್ಷ ವರ್ಷ ಎಂದರೂ ಅದು ಭಾರತದ ಅತಿ ಹಳೆಯ ನೆಲೆಗಳಲ್ಲಿ ಒಂದು. ಹಾಗೆ ಮಾಡಿದವರು ಇಂದಿನ ನಮ್ಮಂಥ ಮನುಷ್ಯರಲ್ಲ, ನಮಗಿಂತ ಹಿಂದಿನ ಮಾನವ ಜಾತಿಯವರು.

ಪಟ್ಟಿ ಬರೆದ ಮನುಷ್ಯ

ಫೂಟ್ ಅವರ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ್ದು ಅವರ ಪಟ್ಟಿ. ನಾನೂ ನೌಕರಿಯುದ್ದಕ್ಕೂ ರಜಿಸ್ಟರ್ ಬರೆದವನು, ಅದಕ್ಕಿರಬಹುದು. ಅವರು ಸುಮಾರು 40 ವರ್ಷಗಳಲ್ಲಿ ದಕ್ಷಿಣ ಮತ್ತು ಪಶ್ಚಿಮ ಭಾರತದ 450ಕ್ಕೂ ಹೆಚ್ಚು ಜಾಗಗಳಿಂದ ವಸ್ತು ಸಂಗ್ರಹಿಸಿದರು. ಮಸ್ಕಿ ಅದರಲ್ಲೊಂದು. ಅಲ್ಲಿ ಅಶೋಕನ ಶಾಸನ ಪತ್ತೆಯಾದದ್ದು 1915ರಲ್ಲಿ, ಫೂಟ್ ಅಲ್ಲಿಗೆ ಹೋಗಿದ್ದು ಅದಕ್ಕೆ ದಶಕಗಳ ಮೊದಲು. ಪ್ರತಿ ವಸ್ತುವಿಗೆ ಸಂಖ್ಯೆ, ಪ್ರತಿ ಸಂಖ್ಯೆಗೆ ಊರು, ತಾಲ್ಲೂಕು, ಜಿಲ್ಲೆ. ಇಡೀ ಸಂಗ್ರಹವನ್ನು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಪಡೆದುಕೊಂಡಿತು. ಫೂಟ್ ಅವರು ಮುಂದಿನ ವರ್ಷಗಳನ್ನು ಅದರ ಪಟ್ಟಿ ಸಿದ್ಧಪಡಿಸುವುದರಲ್ಲಿ ಕಳೆದರು. 1912ರ ಡಿಸೆಂಬರ್ 29ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಪಟ್ಟಿ ಅಚ್ಚಾಗಿ ಬಂದದ್ದು ಅವರ ಮರಣದ ನಂತರ, 1914 ಮತ್ತು 1916ರಲ್ಲಿ. ಏರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ನೂರು ವರ್ಷಗಳ ಮೇಲೆ ಸಂಶೋಧಕರು ಅತ್ತಿರಂಪಾಕ್ಕಂಗೆ, ಸಂಗನಕಲ್ಲಿಗೆ ಹಿಂತಿರುಗಿ ಹೋಗಲು ಸಾಧ್ಯವಾದದ್ದು ಆ ದಾಖಲೆಗಳಿಂದ. ಕಲ್ಲು ಎಲ್ಲಿಯದೆಂದು ಬರೆದಿರದಿದ್ದರೆ ಅದು ಕಪಾಟಿನಲ್ಲಿಟ್ಟ ಅಂದದ ಕಲ್ಲಷ್ಟೇ ಆಗಿ ಉಳಿಯುತ್ತಿತ್ತು.

ಇದನ್ನೆಲ್ಲ ಓದಿದ ಮೇಲೆ ಕರಜಗಿ ಕಡೆಯ ಸದಸ್ಯರಿಗೆ ಫೋನ್ ಮಾಡಿದೆ. ಕಲ್ಲು ಎಷ್ಟು ಆಳದಲ್ಲಿ ಸಿಕ್ಕಿತು, ಎರೆಮಣ್ಣಿನಲ್ಲೋ ಗರಸಿನಲ್ಲೋ, ಜೊತೆಗೆ ಮೂಳೆ, ಬೂದಿ ಏನಾದರೂ ಇತ್ತೇ ಎಂದು ಕೇಳಿದೆ. ಅವರು ಪಾಪ, ಜೆಸಿಬಿ ತೋಡಿ ಸುರಿದ ಮಣ್ಣನ್ನು ಬದುವಿಗೆ ಹಾಕುವಾಗ ಕಣ್ಣಿಗೆ ಬಿತ್ತು ಸರ್, ಆಳ ಗೀಳ ಯಾರಿಗೆ ಗೊತ್ತು ಅಂದರು. ಆ ಮಣ್ಣು ಈಗ ಇಡೀ ಹೊಲದಲ್ಲಿ ಹರಡಿದೆ. ತಪ್ಪು ಅವರದಲ್ಲ. ಇದು ನೋಡಬೇಕಾದ ಸಂಗತಿ ಎಂದು ಅವರಿಗೂ ನನಗೂ ಯಾರೂ ಹೇಳಿರಲಿಲ್ಲ. ಆ ಕಲ್ಲು ಮನುಷ್ಯ ಮಾಡಿದ್ದಿರಬಹುದು ಎಂದು ಮಾತ್ರ ಈಗ ಹೇಳಬಹುದು. ಅದರ ಕಾಲ, ಅದರ ಸುತ್ತಲಿನ ನೆಲದ ಕಥೆ ಮಣ್ಣಿನ ಜೊತೆಗೇ ಹೋಯಿತು.

ನಮ್ಮ ಗಡಿಭಾಗದ ಊರುಗಳಲ್ಲಿ ಈಗ ದಿನವೂ ಕೃಷಿ ಹೊಂಡ, ಬಾವಿ, ರಸ್ತೆ, ಗರಸು ಗುಂಡಿಗಳ ಕೆಲಸ ನಡೆದಿದೆ. ಅದು ಬೇಡವೆನ್ನಲಾಗದು, ನೀರು ಬೇಕೇ ಬೇಕು. ಇಸಾಂಪುರವೂ ಹೊರಬಿದ್ದದ್ದು ಅಂಥ ಕೆಲಸದಿಂದಲೇ. ಆದರೆ ಅಲ್ಲಿ ನೋಡುವ ಕಣ್ಣುಳ್ಳವರು ಸಮಯಕ್ಕೆ ಸರಿಯಾಗಿ ತಲುಪಿದರು. ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು:

1. ನೆಲ ತೋಡುವಾಗ ಕೆತ್ತಿದಂತೆ ಕಾಣುವ ಕಲ್ಲು, ದೊಡ್ಡ ಮೂಳೆ, ಹಲ್ಲು, ಬೂದಿಯ ಪದರ, ಹಳೆಯ ಮಡಕೆ ಚೂರು ಕಂಡರೆ ಎತ್ತಬೇಡಿ. ಇದ್ದ ಜಾಗದಲ್ಲೇ, ಪಕ್ಕದಲ್ಲಿ ಒಂದು ಪೆನ್ನು ಅಥವಾ ಚಪ್ಪಲಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಳತೆಗೆ ಅದು ಬೇಕಾಗುತ್ತದೆ.
2. ದಿನಾಂಕ, ಊರು, ಹೊಲದ ಗಟ್ ನಂಬರು, ಮೇಲಿನಿಂದ ಎಷ್ಟು ಅಡಿ ಆಳ, ಯಾವ ಮಣ್ಣು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. ಕನ್ನಡ, ಮರಾಠಿ ಯಾವುದಾದರೂ ನಡೆಯುತ್ತದೆ.
3. ಸಂಘಕ್ಕೆ ತಿಳಿಸಿ. ತಿಳಿದವರಿಗೆ, ಸಂಬಂಧಪಟ್ಟ ಪುರಾತತ್ವ ಇಲಾಖೆಗೆ ಮುಟ್ಟಿಸುವ ಕೆಲಸ ನಮ್ಮದು.
4. ಯಾರಾದರೂ ಕೊಳ್ಳುತ್ತೇವೆಂದು ಬಂದರೆ ಕೊಡಬೇಡಿ.

ಸಂಘದ ಕಚೇರಿಯಲ್ಲಿ ಇದಕ್ಕಾಗಿ ಒಂದು ಪ್ರತ್ಯೇಕ ರಜಿಸ್ಟರ್ ತೆರೆದಿದ್ದೇನೆ. ಮೊದಲ ನಮೂದು ಕರಜಗಿ ಕಡೆಯ ಕಲ್ಲು. ಆಳ ಎಂಬ ಕಾಲಂ ಖಾಲಿ ಬಿಟ್ಟಿದ್ದೇನೆ. ಎರಡನೆಯ ನಮೂದಿನಲ್ಲಿ ಅದು ಖಾಲಿ ಇರಬಾರದೆಂಬುದು ನನ್ನ ಆಸೆ.

ಕೊನೆಯದಾಗಿ ಒಂದು ಸೂಚನೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ದೀಪಾವಳಿ ರಜೆಯಲ್ಲಿ ನಮ್ಮ ಕನ್ನಡ ಶಾಲೆಗಳ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಪ್ರವಾಸ ಹೋಗುವ ವಿಚಾರವನ್ನು ಮುಂದಿನ ಮಾಸಿಕ ಸಭೆಯಲ್ಲಿ ಇಡುತ್ತೇವೆ. ಬರಲು ಇಚ್ಛೆಯುಳ್ಳವರು ಆಯಾ ಊರಿನ ಪ್ರತಿನಿಧಿಗಳ ಬಳಿ ಹೆಸರು ಬರೆಸಿ. ದಿನಾಂಕ ನಿಗದಿಯಾದ ಮೇಲೆ ಇದೇ ಪುಟದಲ್ಲಿ ತಿಳಿಸಲಾಗುವುದು. ನಮ್ಮ ಮಕ್ಕಳು ಓದುವ ಪುಸ್ತಕ ಯಾವ ರಾಜ್ಯದ್ದಾದರೂ ಆಗಲಿ, ಕಾಲಡಿಯ ನೆಲ ಎಷ್ಟು ಹಳೆಯದೆಂದು ಅವರು ಒಮ್ಮೆ ಕಣ್ಣಾರೆ ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ